ಸಾಲ ತೀರಿಲ್ಲ, ಆರ್‌ಸಿ ಕಳೆದುಹೋಗಿದೆ: ಈಗೇನು ಮಾಡಬೇಕು?

ಕಳೆದ ಮಳೆಗಾಲದಲ್ಲಿ ನಮ್ಮ ಭಾವನ ಪರ್ಸು ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಎಲ್ಲೋ ಬಿದ್ದುಹೋಯಿತು. ಅದರಲ್ಲಿ ದುಡ್ಡು ಜಾಸ್ತಿ ಇರಲಿಲ್ಲ, ಬೈಕಿನ ಆರ್‌ಸಿ ಕಾರ್ಡ್ ಇತ್ತು. ಬೈಕಿಗೆ ಇನ್ನೂ ಹದಿನಾಲ್ಕು ಕಂತು ಬಾಕಿ. ಡೂಪ್ಲಿಕೇಟ್ ಆರ್‌ಸಿ ಮಾಡಿಸೋಕೆ ಬೇಕಾದ ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ, ಸಾಲ ಕೊಟ್ಟ ಕಡೆ ಹೋಗಿ ಕೇಳಿದರೆ ಕೌಂಟರಿನಲ್ಲಿದ್ದವರು, "ಲೋನ್ ಕ್ಲಿಯರ್ ಆಗೋವರೆಗೂ ಎನ್‌ಒಸಿ ಕೊಡೋಕೆ ಬರಲ್ಲ ಸಾರ್" ಅಂದರು. ಭಾವ ಅದನ್ನೇ ನಂಬಿಕೊಂಡು ಎರಡು ತಿಂಗಳು ಸುಮ್ನೆ ಇದ್ದುಬಿಟ್ಟರು.

ಆ ಮಾತು ತಪ್ಪು. ಸಾಲ ಬಾಕಿ ಇದ್ದರೂ ಡೂಪ್ಲಿಕೇಟ್ ಆರ್‌ಸಿ ಸಿಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಜನ ಏಜೆಂಟರ ಹಿಂದೆ ಅಲೆಯುತ್ತಾರೆ, ಇಲ್ಲಾ ಕೈಚೆಲ್ಲಿ ಕೂರುತ್ತಾರೆ. ಹಾಗಾಗಿ ಒಂದೊಂದೇ ಹೆಜ್ಜೆ ಹೇಳುತ್ತೇನೆ.

ಮೊದಲು ಆರ್‌ಸಿ ನಿಜವಾಗಿ ಕಳೆದಿದೆಯಾ ನೋಡಿಕೊಳ್ಳಿ. ಗಾಡಿಯ ಡಿಕ್ಕಿ, ಇನ್ಶೂರೆನ್ಸ್ ಫೈಲು, ಸರ್ವೀಸಿಗೆ ಕೊಟ್ಟಾಗ ಕೊಟ್ಟ ಕವರು, ಎಲ್ಲಾ ಹುಡುಕಿ. ಪೊಲೀಸರು ಯಾವುದೋ ಕೇಸಿನಲ್ಲಿ ಜಪ್ತಿ ಮಾಡಿಕೊಂಡ ಆರ್‌ಸಿಯನ್ನು "ಕಳೆದಿದೆ" ಅಂತ ಬರೆದುಕೊಡಬೇಡಿ. ಅರ್ಜಿಯಲ್ಲಿ ನೀವು ಸಹಿ ಹಾಕಿ ಘೋಷಣೆ ಕೊಡುತ್ತೀರಿ, ಸುಳ್ಳಾದರೆ ಅದು ನಿಮ್ಮ ಕುತ್ತಿಗೆಗೇ ಬರುತ್ತದೆ.

ಅಲ್ಲಿಯವರೆಗೆ ಗಾಡಿ ಓಡಿಸೋದು ಹೇಗೆ? ಮೊಬೈಲಿನಲ್ಲಿ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್ ಹಾಕಿಕೊಂಡು ಆರ್‌ಸಿಯನ್ನು ಅದರೊಳಗೆ ತರಿಸಿಕೊಳ್ಳಿ. 2018ರಲ್ಲಿ ನಿಯಮ ಬದಲಾದ ಮೇಲೆ ಇದನ್ನು ತೋರಿಸಿದರೂ ನಡೆಯುತ್ತದೆ. ಆದರೆ ಹಳೆಯ ಕಾರ್ಡಿನ ಫೋಟೊ ಗ್ಯಾಲರಿಯಲ್ಲಿ ಇದೆ ಅಂತ ತೋರಿಸಿದರೆ ಅದು ಲೆಕ್ಕಕ್ಕಿಲ್ಲ.

ಎರಡನೆಯದು ಪೊಲೀಸ್ ದೂರು. ಕಳೆದುಹೋದ ಜಾಗ ಯಾವ ಠಾಣೆಗೆ ಸೇರುತ್ತದೋ ಅಲ್ಲಿ ತಿಳಿಸಬೇಕು ಅಂತ ನಿಯಮ. ಕರ್ನಾಟಕ ಪೊಲೀಸರ ಕೆಎಸ್‌ಪಿ ಆ್ಯಪ್‌ನಲ್ಲಿ ಇ-ಲಾಸ್ಟ್ ಅಂತ ಇದೆ, ಮನೆಯಿಂದಲೇ ದೂರು ಹಾಕಿ ರಿಪೋರ್ಟ್ ತೆಗೆದುಕೊಳ್ಳಬಹುದು. ಇದು ಕಳೆದುಹೋದ ವಸ್ತುಗಳಿಗೆ ಮಾತ್ರ. ಯಾರಾದರೂ ಕದ್ದಿದ್ದರೆ ಠಾಣೆಗೇ ಹೋಗಿ ಎಫ್‌ಐಆರ್ ಮಾಡಿಸಿ. ದೂರಿನಲ್ಲಿ ಗಾಡಿ ನಂಬರ್ ಒಂದಕ್ಷರವೂ ತಪ್ಪದ ಹಾಗೆ ನೋಡಿಕೊಳ್ಳಿ, ಆಮೇಲೆ ತಿದ್ದಿಸುವುದು ದೊಡ್ಡ ತಲೆನೋವು.

ಈಗ ಮುಖ್ಯ ವಿಷಯಕ್ಕೆ ಬರೋಣ. ಸಾಲದ ಗಾಡಿ ಆದರೆ ಆರ್‌ಸಿಯಲ್ಲಿ ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಹೆಸರು ಇರುತ್ತದೆ, ಎಚ್‌ಪಿ ಅಂತೀವಲ್ಲ, ಅದು. ಎಚ್‌ಪಿ ಇರುವಾಗ ಡೂಪ್ಲಿಕೇಟ್ ಆರ್‌ಸಿ ಕೇಳುವ ಮೊದಲು ಸಾಲ ಕೊಟ್ಟವರ ಹತ್ತಿರ ಎನ್‌ಒಸಿ ಕೇಳಬೇಕು. ಎಡವಟ್ಟಾಗುವುದು ಇಲ್ಲೇ, ಯಾಕೆಂದರೆ ಎನ್‌ಒಸಿ ಒಂದಲ್ಲ, ಎರಡು. ಸಾಲ ಪೂರ್ತಿ ತೀರಿದ ಮೇಲೆ ಎಚ್‌ಪಿ ತೆಗೆಸೋಕೆ ಕೊಡುವುದು ಒಂದು. "ಡೂಪ್ಲಿಕೇಟ್ ಆರ್‌ಸಿ ಕೊಡಲು ನಮ್ಮ ಆಕ್ಷೇಪ ಇಲ್ಲ" ಅಂತ ಬರೆದುಕೊಡುವುದು ಇನ್ನೊಂದು. ಕೌಂಟರಿನಲ್ಲಿ ಬರೀ "ಎನ್‌ಒಸಿ ಬೇಕು" ಅಂದರೆ ಅವರ ತಲೆಗೆ ಮೊದಲನೆಯದೇ ಬರುತ್ತದೆ. ನಮ್ಮ ಭಾವನಿಗೆ ಆಗಿದ್ದೂ ಅದೇ.

ಬಾಯಲ್ಲಿ ಕೇಳಬೇಡಿ, ಬರೆದು ಕೊಡಿ. ಗಾಡಿ ನಂಬರ್, ಲೋನ್ ಖಾತೆ ನಂಬರ್, ಆರ್‌ಸಿ ಕಳೆದ ದಿನ, ಜೊತೆಗೆ "ಮೋಟಾರು ವಾಹನ ಕಾಯ್ದೆ 1988ರ ಕಲಂ 51ರ ಪ್ರಕಾರ ಡೂಪ್ಲಿಕೇಟ್ ಆರ್‌ಸಿಗೆ ಎನ್‌ಒಸಿ ಕೊಡಿ" ಅಂತ ಒಂದು ಸಾಲು. ಪೊಲೀಸ್ ರಿಪೋರ್ಟಿನ ಜೆರಾಕ್ಸ್ ಲಗತ್ತಿಸಿ. ಇನ್ನೊಂದು ಪ್ರತಿ ಕೈಯಲ್ಲಿ ಇಟ್ಟುಕೊಂಡು ಅದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಹಾಕಿಕೊಡಲ್ಲ ಅಂದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ.

ಆ ತಾರೀಕು ಯಾಕೆ ಮುಖ್ಯ ಅಂದರೆ, ಅರ್ಜಿ ತಲುಪಿದ ಏಳು ದಿನದೊಳಗೆ ಸಾಲ ಕೊಟ್ಟವರು ಎನ್‌ಒಸಿ ಕೊಡಬೇಕು, ಇಲ್ಲಾ ಯಾಕೆ ಕೊಡಲ್ಲ ಅಂತ ಕಾರಣ ಬರೆದು ನಿಮಗೆ ತಿಳಿಸಬೇಕು. ಎರಡೂ ಮಾಡದೆ ಸುಮ್ಮನಿದ್ದರೆ ಎನ್‌ಒಸಿ ಕೊಟ್ಟ ಹಾಗೇ ಅಂತ ಕಾಯ್ದೆಯಲ್ಲೇ ಇದೆ. ಆಗ ನೀವು "ಏಳು ದಿನದಲ್ಲಿ ಯಾವ ಉತ್ತರವೂ ಬರಲಿಲ್ಲ" ಅಂತ ಒಂದು ಘೋಷಣೆ ಬರೆದು, ಸೀಲು ಹಾಕಿಸಿಕೊಂಡ ಪ್ರತಿಯ ಜೊತೆ ಆರ್‌ಟಿಒಗೆ ಕೊಡಬಹುದು. ಬರವಣಿಗೆಯಲ್ಲಿ ನಿರಾಕರಿಸಿದ್ದರೆ ಆ ಪತ್ರವನ್ನೇ ಲಗತ್ತಿಸಿ. ಅವರು ಒಲ್ಲೆ ಅಂದ ಮಾತ್ರಕ್ಕೆ ಬಾಗಿಲು ಮುಚ್ಚಲಿಲ್ಲ, ನಿಮ್ಮ ಮಾತು ಕೇಳಿ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡುವುದು ಆರ್‌ಟಿಒ. ಕಂತು ತಪ್ಪಿಸಿಕೊಂಡಿದ್ದರೆ ಮಾತ್ರ ಮೊದಲು ಅದನ್ನು ಸರಿಮಾಡಿಕೊಳ್ಳುವುದು ಒಳ್ಳೆಯದು, ಕಾರಣ ಕೊಡೋಕೆ ಅವರಿಗೆ ಅದೇ ಸಾಕಲ್ವಾ.

ಭಾವನನ್ನು ಹೀಗೆ ಬರೆದ ಅರ್ಜಿ ಹಿಡಿದುಕೊಂಡು ಮತ್ತೆ ಕಳಿಸಿದೆವು. ಅದೇ ಕೌಂಟರಿನಲ್ಲಿ ನಾಲ್ಕನೇ ದಿನ ಎನ್‌ಒಸಿ ಕೊಟ್ಟರು.

ಮುಂದಿನದು ಫಾರಂ 26, ಅಂದರೆ ಡೂಪ್ಲಿಕೇಟ್ ಆರ್‌ಸಿ ಕೇಳುವ ಅರ್ಜಿ. ಎಚ್‌ಪಿ ಇದ್ದರೆ ಇದನ್ನು ಎರಡು ಪ್ರತಿ ತುಂಬಬೇಕು, ಒಂದು ಪ್ರತಿ ಆರ್‌ಟಿಒ ಷರಾದೊಂದಿಗೆ ಸಾಲ ಕೊಟ್ಟವರಿಗೆ ಹೋಗುತ್ತದೆ. ಫಾರಂನ ಕೆಳಗೆ ಸಾಲ ಕೊಟ್ಟವರ ಒಪ್ಪಿಗೆಗೆ ಜಾಗ ಇದೆ. ಎನ್‌ಒಸಿ ತರೋಕೆ ಹೋದಾಗಲೇ ಫಾರಂ ಒಯ್ದು ಅಲ್ಲೂ ಸಹಿ ಸೀಲು ಹಾಕಿಸಿಕೊಂಡರೆ ಇನ್ನೊಂದು ಓಡಾಟ ಉಳಿಯುತ್ತದೆ.

ಅರ್ಜಿ ಹಾಕುವುದು ಪರಿವಾಹನ್ ವೆಬ್‌ಸೈಟಿನಲ್ಲಿ. ಗಾಡಿ ನಂಬರ್ ಜೊತೆ ಚಾಸಿ ನಂಬರಿನ ಕೊನೆಯ ಐದು ಅಂಕಿ ಕೇಳುತ್ತದೆ. ಆರ್‌ಸಿಯೇ ಇಲ್ಲ, ಎಲ್ಲಿಂದ ತರೋದು ಅಂತ ಗಾಬರಿ ಬೇಡ, ಇನ್ಶೂರೆನ್ಸ್ ಪಾಲಿಸಿಯಲ್ಲಿ ಇರುತ್ತದೆ. ಗಾಡಿಯ ಮೇಲೂ ಇರುತ್ತದೆ. ಎಷ್ಟೋ ಬೈಕುಗಳಲ್ಲಿ ಹ್ಯಾಂಡಲ್ ಕೆಳಗಿನ ಕತ್ತಿನ ಪಕ್ಕ ಕೊರೆದಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಮಣ್ಣು ಗ್ರೀಸು ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಿದರೆ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ. ಈ ಚಾಸಿ ಪ್ರಿಂಟನ್ನು ಆರ್‌ಟಿಒನಲ್ಲಿ ಕೇಳುವುದೂ ಉಂಟು, ಎರಡು ತೆಗೆದು ಇಟ್ಟುಕೊಳ್ಳಿ.

ಒಟಿಪಿ ಬರುವುದು ಗಾಡಿಗೆ ಜೋಡಿಸಿದ ಮೊಬೈಲ್ ನಂಬರಿಗೆ. ಶೋರೂಮಿನವರು ತಮ್ಮ ನಂಬರ್ ಕೊಟ್ಟಿದ್ದರೆ ಮೊದಲು ಅದನ್ನು ಬದಲಾಯಿಸಬೇಕು. ಇನ್ಶೂರೆನ್ಸ್, ಎಮಿಷನ್ ಚಾಲ್ತಿಯಲ್ಲಿರಲಿ. ಟ್ರಾಫಿಕ್ ದಂಡ ಬಾಕಿ ಇದ್ದರೆ ಕಟ್ಟಿಬಿಡಿ.

ಶುಲ್ಕ ಹೊಸ ನೋಂದಣಿ ಶುಲ್ಕದ ಅರ್ಧ. 2016ರ ಡಿಸೆಂಬರಿನಲ್ಲಿ ಕೇಂದ್ರ ಪರಿಷ್ಕರಿಸಿದ ಪಟ್ಟಿಯಲ್ಲಿ ಬೈಕಿನ ನೋಂದಣಿಗೆ 300, ಸ್ವಂತ ಕಾರಿಗೆ 600 ರೂಪಾಯಿ. ಅಂದರೆ ಡೂಪ್ಲಿಕೇಟಿಗೆ 150 ಮತ್ತು 300, ಸ್ಮಾರ್ಟ್ ಕಾರ್ಡಿನ ದುಡ್ಡು ಬೇರೆ. ಏಜೆಂಟ್ ಸಾವಿರಗಟ್ಟಲೆ ಕೇಳಿದಾಗ ಈ ಲೆಕ್ಕ ನೆನಪಿರಲಿ.

ಆಮೇಲೆ ಫಾರಂ 26, ಪೊಲೀಸ್ ರಿಪೋರ್ಟ್, ಎನ್‌ಒಸಿ, ಇನ್ಶೂರೆನ್ಸ್, ಎಮಿಷನ್, ಗುರುತು ಮತ್ತು ವಿಳಾಸದ ದಾಖಲೆ, ಶುಲ್ಕದ ರಸೀದಿ ಜೋಡಿಸಿ ಗಾಡಿ ಈಗ ಯಾವ ಆರ್‌ಟಿಒ ಲೆಕ್ಕದಲ್ಲಿದೆಯೋ ಅಲ್ಲಿಗೆ ಕೊಡಿ. ನೋಟರಿ ಮಾಡಿಸಿದ ಅಫಿಡವಿಟ್ ಕೇಳಿದರೆ ಅದನ್ನೂ ಕೊಡಿ.

ಹೊಸ ಕಾರ್ಡಿನಲ್ಲೂ ಎಚ್‌ಪಿ ಹಾಗೇ ಇರುತ್ತದೆ, ಸಾಲ ತೀರಿಲ್ಲವಲ್ಲ. ಕೆಲವರದ್ದು ಬೇರೆ ಕಥೆ: ಸಾಲ ತೀರಿಸಿ ವರ್ಷಗಳಾಗಿವೆ, ಎಚ್‌ಪಿ ತೆಗೆಸಿಲ್ಲ, ಈಗ ಆರ್‌ಸಿಯೂ ಕಳೆದಿದೆ. ಅಂಥವರು ಸಾಲ ತೀರಿದ ಎನ್‌ಒಸಿ ಮತ್ತು ಸಾಲ ಕೊಟ್ಟವರ ಸಹಿ ಇರುವ ಫಾರಂ 35 (ಎಚ್‌ಪಿ ತೆಗೆಸುವ ಅರ್ಜಿ) ಕೂಡ ತಂದು, ಎರಡೂ ಕೆಲಸ ಒಟ್ಟಿಗೆ ಮಾಡಿಕೊಡಿ ಅಂತ ಆರ್‌ಟಿಒ ಕೌಂಟರಿನಲ್ಲಿ ಕೇಳಿ. ಎನ್‌ಒಸಿ ಮೇಲೆ ಎಷ್ಟು ದಿನ ಚಾಲ್ತಿ ಅಂತ ಬರೆದಿದ್ದರೆ ಅದನ್ನು ನೋಡಿಕೊಳ್ಳಿ. ಅವಧಿ ಮುಗಿದಿದ್ದರೆ ಆರ್‌ಟಿಒಗೆ ಹೋಗುವ ಮೊದಲೇ ಹೊಸದು ಬರೆಸಿಕೊಳ್ಳಿ.