ಬೇವಿನ ಕಟ್ಟೆಯ ಮಾತು: ನಮ್ಮ ಕಾಲೇಜಿನಲ್ಲಿ ನಾವು ಮಾಡಿಕೊಂಡು ಬಂದಿದ್ದು

ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ನಾನು ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ಹುಡುಗ ಹುಡುಗಿಯರಲ್ಲಿ ಜಾಸ್ತಿ ಮಂದಿ ಸುತ್ತಲ ಹಳ್ಳಿಗಳಿಂದ ಬಸ್ಸಿಗೆ ಬಂದು ಹೋಗುವವರು. ಎಷ್ಟೋ ಮನೆಗಳಲ್ಲಿ ಡಿಗ್ರಿ ಓದುತ್ತಿರುವ ಮೊದಲ ಮಗು ಇವರೇ. ವಾರಕ್ಕೊಮ್ಮೆ ಕಾಲೇಜಿನ ಬೇವಿನ ಮರದ ಕಟ್ಟೆಯಲ್ಲಿ ಎಲ್ಲರೂ ಕೂತು ಮಾತಾಡುತ್ತೇವೆ. ಬಾಲ್ಯವಿವಾಹ, ಜಾತಿ, ಗುಳೆ, ಕೆಲಸ, ಮನಸ್ಸಿನ ಸಂಕಟ, ಯಾವುದಾದರೂ ಸರಿ. ಬೇರೆ ಕಾಲೇಜಿನ ಗೆಳೆಯರು ಇದನ್ನು ಹೇಗೆ ನಡೆಸುತ್ತೀರಿ ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದು.

ನಮ್ಮಲ್ಲೂ ಮೊದಲು ಜಾಗೃತಿ ಕಾರ್ಯಕ್ರಮಗಳೇ ನಡೆಯುತ್ತಿದ್ದವು. ವೇದಿಕೆ, ಅತಿಥಿಗಳು, ಭಾಷಣ, ಕೊನೆಗೆ ವಂದನಾರ್ಪಣೆ. ಅದರಿಂದ ಮಾಹಿತಿ ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಮಕ್ಕಳು ಬಾಯಿ ಬಿಡುವುದಕ್ಕೆ ಅಲ್ಲಿ ಜಾಗವೇ ಇರುವುದಿಲ್ಲ. ‘ಪ್ರಶ್ನೆ ಇದ್ದರೆ ಕೇಳಿ’ ಎಂದಾಗ ಯಾರೂ ಎದ್ದು ನಿಲ್ಲುವುದಿಲ್ಲ. ಮುನ್ನೂರು ಜನರ ಮುಂದೆ ಮೈಕು ಹಿಡಿದು ‘ನಮ್ಮ ಮನೇಲಿ ಹೀಗಿದೆ’ ಎಂದು ಯಾರು ತಾನೆ ಹೇಳುತ್ತಾರೆ?

ಹಾಗಾಗಿ ಮೈಕು ಬೇಡ ಅಂದೆವು. ಬ್ಯಾನರ್ ಬೇಡ, ಫೋಟೋ ಬೇಡ. ಯಾರೂ ವಿಡಿಯೋ ಮಾಡಬಾರದು, ಇದರಲ್ಲಿ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಹೊತ್ತು ಯಾವುದು ಅನ್ನುವುದೂ ಮುಖ್ಯ. ಸಂಜೆ ತರಗತಿ ಮುಗಿದ ಮೇಲೆ ಇಟ್ಟರೆ ಹಳ್ಳಿ ಮಕ್ಕಳು ಬರುವುದಿಲ್ಲ, ಅವರಿಗೆ ಬಸ್ಸು ತಪ್ಪುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತೇ ಒಳ್ಳೆಯದು. ರೊಟ್ಟಿ, ಶೇಂಗಾ ಚಟ್ನಿ ಹಂಚಿಕೊಂಡು ತಿನ್ನುತ್ತಾ ಕೂತವರು ಬೇಗ ಮಾತಿಗೆ ಇಳಿಯುತ್ತಾರೆ.

ಮೊದಲ ವಿಷಯ ದೊಡ್ಡದಾಗಿರಬಾರದು. ನಾವು ಬಸ್ಸಿನಿಂದ ಶುರು ಮಾಡಿದೆವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಯಿತು. ಪಾಸಿನ ದುಡ್ಡಿಲ್ಲ ಎಂದು ಮನೆಯಲ್ಲಿ ಕೂರಿಸುವುದು ತಪ್ಪಿತು, ಅದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಬೆಳಗಿನ ಬಸ್ಸು ಮುಂಚಿನ ಊರಲ್ಲೇ ತುಂಬಿಬಿಡುತ್ತದೆ. ‘ಕೈ ಮಾಡಿದ್ರೂ ನಿಂದ್ರಸಂಗಿಲ್ರೀ ಮೇಡಂ, ಹಂಗ ಹೊಕ್ಕಾರ’ ಎಂದಳು ಒಬ್ಬ ಹುಡುಗಿ. ಅವಳ ಹಿಂದೆ ಮತ್ತೊಬ್ಬಳು, ಆಮೇಲೆ ಹುಡುಗರು. ಮೊದಲ ಪೀರಿಯಡ್ಡಿಗೆ ತಡವಾದರೆ ಹಾಜರಿ ಹೋಗುತ್ತದೆ. ಹಾಜರಿ ಕಡಿಮೆ ಆದರೆ ಪರೀಕ್ಷೆಗೆ ಕೂರಲು ತೊಂದರೆ, ಸ್ಕಾಲರ್‌ಶಿಪ್ಪಿಗೂ ತೊಂದರೆ. ಯಾವ ಊರಿನ ಸ್ಟಾಪು, ಎಷ್ಟು ಗಂಟೆ, ಎಷ್ಟು ಜನ ಎಂದು ಮಕ್ಕಳೇ ಒಂದು ಪಟ್ಟಿ ಮಾಡಿ ಡಿಪೋಗೆ ಕೊಟ್ಟು ಬಂದರು. ಒಂದು ಮಾರ್ಗಕ್ಕೆ ಬೆಳಗ್ಗೆ ಇನ್ನೊಂದು ಬಸ್ಸು ಬಂತು. ಉಳಿದ ಮಾರ್ಗಗಳಿಗೆ ಇನ್ನೂ ಕೇಳುತ್ತಲೇ ಇದ್ದಾರೆ. ಆದರೆ ತಾವು ಆಡಿದ ಮಾತಿನಿಂದ ಏನೋ ಒಂದು ಆಯಿತು ಎಂದು ಕಂಡ ಮೇಲೆ ಕಟ್ಟೆಗೆ ಬರುವವರ ಮುಖವೇ ಬೇರೆ ಆಯಿತು.

ದೊಡ್ಡ ವಿಷಯಗಳಿಗೆ ಚೀಟಿ ಬೇಕು. ಸೀಮೆಸುಣ್ಣದ ಖಾಲಿ ಡಬ್ಬಿಯೇ ನಮ್ಮ ಚೀಟಿ ಪೆಟ್ಟಿಗೆ. ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿಯನ್ನು ಒಂದೇ ಅಳತೆಗೆ ಕತ್ತರಿಸಿ ಎಲ್ಲರಿಗೂ ಕೊಡುತ್ತೇವೆ. ಬರೆಯಲು ಏನೂ ಇಲ್ಲದವರೂ ಖಾಲಿ ಚೀಟಿಯನ್ನು ಮಡಚಿ ಹಾಕಲೇಬೇಕು. ಬರೆದವರು ಮಾತ್ರ ಹಾಕಿದರೆ ಯಾರು ಬರೆದರು ಅನ್ನುವುದು ಗೊತ್ತಾಗಿಬಿಡುತ್ತದೆ, ಅಲ್ವಾ? ಚೀಟಿಯನ್ನು ನಾನು ಹಾಗೇ ಓದುವುದಿಲ್ಲ. ಊರು, ಸಂಬಂಧ, ವಯಸ್ಸು ಏನಾದರೂ ಇದ್ದರೆ ಬಿಟ್ಟು, ನನ್ನ ಮಾತಿನಲ್ಲಿ ಹೇಳುತ್ತೇನೆ. ಕೈಬರಹ ಬೇರೆಯವರ ಕಣ್ಣಿಗೆ ಬೀಳದಂತೆ ಆಮೇಲೆ ಹರಿದು ಹಾಕುತ್ತೇನೆ. ಸಂಗತಿ ಎಲ್ಲರ ಮುಂದೆ ಬರಬೇಕು, ಅದು ಯಾರದು ಅನ್ನುವುದು ಬರಬಾರದು. ಇಷ್ಟು ವರ್ಷದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದು ಇದೊಂದನ್ನೇ. ಬಯಲಲ್ಲಿ ಮಾತಾಡೋಣ ಅಂದರೆ ಎಲ್ಲರೂ ತಮ್ಮ ಮನೆಯ ಕಥೆ ಹೇಳಬೇಕು ಅಂತಲ್ಲ.

ಒಂದು ಸಲ ಬಂದ ಚೀಟಿ ಬಾಲ್ಯವಿವಾಹದ್ದು. ಬರೆದವರ ತಂಗಿಗೆ ಇನ್ನೂ ಹದಿನೆಂಟು ತುಂಬಿಲ್ಲ, ಮನೆಯಲ್ಲಿ ಮಾತುಕತೆ ನಡೆದಿದೆ. ಕಾನೂನು ಹೇಳುವುದು ಸುಲಭ. 2006ರ ಕಾಯ್ದೆ ಇದೆ. ಕರ್ನಾಟಕ 2016ರಲ್ಲಿ ಅದಕ್ಕೆ ತಿದ್ದುಪಡಿ ತಂದು ಬಾಲ್ಯವಿವಾಹವೇ ಅಸಿಂಧು ಎಂದು ಮಾಡಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ಹೇಳಿದವರ ಹೆಸರು ಹೊರಗೆ ಹೋಗುವುದಿಲ್ಲ. ಇಷ್ಟನ್ನೂ ಹೇಳಿದೆ. ಆಮೇಲೆ ಕೇಳಿದೆ, ‘ಇಷ್ಟು ಬೇಗ ಯಾಕೆ ಮದುವೆ ಮಾಡ್ತಾರೆ?’ ಬಡತನ, ಅಜ್ಞಾನ ಎಂದು ಪುಸ್ತಕದಲ್ಲಿ ಇರುವುದನ್ನೇ ಹೇಳಿದರು. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ಕೂತ ಹುಡುಗನೊಬ್ಬ ಮಾತಾಡಿದ. ‘ಅವ್ವ ಅಪ್ಪ ಬೆಂಗ್ಳೂರಿಗೆ ದುಡಿಯಾಕ ಹೊಕ್ಕಾರ್ರೀ. ವಯಸ್ಸಿಗೆ ಬಂದ ಹುಡುಗೀನ ಮನ್ಯಾಗ ಒಬ್ಬಾಕಿನ್ನ ಹೆಂಗ ಬಿಡೋದು ಅಂತ ಅಂಜಿಕಿ. ಲಗ್ನ ಮಾಡಿದ್ರ ಚಿಂತಿ ಹೋತು ಅಂತಾರ.’

ಆ ದಿನದ ಮಾತೆಲ್ಲ ಅಲ್ಲಿಂದ ತಿರುಗಿತು. ಮಳೆ ಕೈಕೊಟ್ಟರೆ ಕುಷ್ಟಗಿ, ಯಲಬುರ್ಗಾ ಕಡೆಯ ಒಣಭೂಮಿಯ ಕುಟುಂಬಗಳು ಗುಳೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರುವ ಊರುಗಳ ಕಥೆ ಬೇರೆ. ನೀರಿಗೂ ಮದುವೆಗೂ ಸಂಬಂಧ ಇದೆ ಎಂದು ಅವರೇ ಕಂಡುಕೊಂಡರು. ಹಾಗಾದರೆ ಹುಡುಗಿ ಉಳಿಯಲು ಹಾಸ್ಟೆಲ್ ಸಿಕ್ಕರೆ? ಸಮಾಜ ಕಲ್ಯಾಣ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್‌ಗಳಿಗೆ ಅರ್ಜಿ ಹೇಗೆ ಹಾಕುವುದು, ಜಾತಿ ಆದಾಯ ಪ್ರಮಾಣಪತ್ರ ಎಷ್ಟು ಮುಂಚೆ ಮಾಡಿಸಬೇಕು ಎಂಬುದೇ ಮುಂದಿನ ವಾರದ ಮಾತಾಯಿತು. ಸೀನಿಯರ್ ಹುಡುಗಿಯರೇ ಹೇಳಿಕೊಟ್ಟರು. ಚೀಟಿ ಬರೆದವರು ಆಮೇಲೆ ನನ್ನನ್ನು ಬೇರೆಯಾಗಿ ಕಂಡರು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವಂತಿಲ್ಲ. ಮದುವೆ ನಿಂತಿತು, ಅಷ್ಟು ಹೇಳಬಹುದು.

ಜಾತಿಯ ಮಾತು ಎತ್ತಲು ನನಗೂ ಧೈರ್ಯ ಬೇಕಿತ್ತು. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ಹಲ್ಲೆ ಮಾಡಿ ಗುಡಿಸಲುಗಳಿಗೆ ಬೆಂಕಿ ಹಚ್ಚಿದ್ದರು. ಕ್ಷೌರದಂಗಡಿ, ಹೋಟೆಲುಗಳಲ್ಲಿ ದಲಿತರನ್ನು ಒಳಗೆ ಬಿಡದಿದ್ದುದು ಆ ಗಲಾಟೆಯ ಬೇರು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಮೇಲ್ಮನವಿಗೆ ಹೋಯಿತು. ತೀರ್ಪು ಬಂದಾಗ ಕ್ಯಾಂಪಸ್ಸಿನಲ್ಲೆಲ್ಲ ಅದೇ ಸುದ್ದಿ. ಆದರೆ ಗುಂಪು ಗುಂಪಾಗಿ, ಮೆಲ್ಲಗೆ, ತಮ್ಮ ತಮ್ಮವರ ಜೊತೆ ಮಾತ್ರ. ಪತ್ರಿಕೆಯನ್ನು ಕಟ್ಟೆಗೆ ತೆಗೆದುಕೊಂಡು ಹೋಗಿ ಜೋರಾಗಿ ಓದಿದೆ. ‘ನಿಮಗೇನಾಗಿದೆ ಹೇಳಿ’ ಎಂದು ದಲಿತ ಮಕ್ಕಳನ್ನು ಕೇಳಬಾರದು ಎಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ನೋವು ತಿಂದವರೇ ಎದ್ದು ಸಾಕ್ಷಿ ಹೇಳಬೇಕೆಂದರೆ ಅದು ಇನ್ನೊಂದು ಹಿಂಸೆ. ಬದಲಿಗೆ ಎಲ್ಲರಿಗೂ ಒಂದು ಪ್ರಶ್ನೆ ಇಟ್ಟೆ. ‘ನಿಮ್ಮ ಗೆಳೆಯರು ಮನೆಗೆ ಬಂದರೆ ಎಲ್ಲಿಯವರೆಗೆ ಕರೀತೀರಿ?’

ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ನಾನೂ ಸುಮ್ಮನೆ ಕೂತೆ. ಮೌನವಾದ ಕೂಡಲೇ ಮೇಷ್ಟ್ರು ಮಾತು ತುಂಬಿಸಬಾರದು. ಕೊನೆಗೆ ಒಬ್ಬ ತಲೆ ತಗ್ಗಿಸಿಕೊಂಡೇ ಹೇಳಿದ. ‘ಪಡಸಾಲಿ ತನಕ ಕರೀತೀವ್ರೀ ಮೇಡಂ. ಅಡಗಿ ಮನಿಗೆ ಎಲ್ಲಾರ್ನೂ ಕರಿಯಂಗಿಲ್ಲ.’ ಅವನ ಪಕ್ಕದಲ್ಲೇ ಕೂತಿದ್ದ ಅವನ ಗೆಳೆಯ ಕಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ ಎಂದು ಪರೀಕ್ಷೆಯಲ್ಲಿ ಎಲ್ಲರೂ ಬರೆಯುತ್ತಾರೆ. ಅದು ತಮ್ಮ ಮನೆಯ ಅಡುಗೆಮನೆ ಬಾಗಿಲಿಗೂ ಸೇರಿದ ಮಾತು ಎಂದು ಅವತ್ತು ಅನ್ನಿಸಿರಬೇಕು. ಅವತ್ತಿನ ಮಾತಿಗೆ ತೀರ್ಮಾನ ಅಂತ ಏನೂ ಬರಲಿಲ್ಲ. ಬರಬೇಕು ಅಂತಲೂ ಇರಲಿಲ್ಲ.

ಕೆಲವು ವಿಷಯ ಬೇಗ ಮುಗಿಯುತ್ತವೆ. ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿ ಯಾರಿದ್ದಾರೆ ಎಂದು ಹೆಣ್ಣುಮಕ್ಕಳಿಗೆ ಗೊತ್ತೇ ಇರಲಿಲ್ಲ. ಹೆಸರು, ಫೋನ್ ನಂಬರು ಬರೆದು ಹುಡುಗಿಯರ ಕೊಠಡಿಯ ಬಾಗಿಲಿಗೆ ಅಂಟಿಸಿದೆವು. ಚೀಟಿಗಳಲ್ಲಿ ಜಾಸ್ತಿ ಬರುವುದು ಮಾತ್ರ ಕೆಲಸದ ಚಿಂತೆ. ಸಂವಿಧಾನದ 371(ಜೆ) ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಕೊಟ್ಟ ಮೀಸಲಾತಿಗೆ ಪ್ರಮಾಣಪತ್ರ ಬೇಕು ಎಂದು ಕೊನೆಯ ವರ್ಷದವರಿಗೂ ತಿಳಿದಿರುವುದಿಲ್ಲ. ಅದಕ್ಕೆ ಯಾವ ಕಾಗದ ಒಯ್ಯಬೇಕು ಎಂದು ಮಾಡಿಸಿಕೊಂಡವರೇ ಬಂದು ಹೇಳುತ್ತಾರೆ.

ಬದುಕುವುದೇ ಬೇಡ ಅನ್ನುವ ಚೀಟಿಯೂ ಬಂದಿದೆ. ಅದನ್ನು ಕಟ್ಟೆಯಲ್ಲಿ ಓದುವುದಿಲ್ಲ. ‘ಒಂದು ಚೀಟಿಗೆ ಬೇರೆಯಾಗಿ ಉತ್ತರ ಕೊಡಬೇಕು, ಇವತ್ತು ಸಂಜೆ ತನಕ ಸ್ಟಾಫ್ ರೂಮಿನಲ್ಲೇ ಇರುತ್ತೇನೆ’ ಎಂದಷ್ಟೇ ಹೇಳುತ್ತೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಪ್ರತಿ ವಾರವೂ, ಏನೂ ಇಲ್ಲದ ವಾರವೂ ಹೇಳುತ್ತೇವೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಾವು ಮೇಷ್ಟ್ರುಗಳು, ಡಾಕ್ಟರ್ ಅಲ್ಲ. ಎಲ್ಲಿ ನಮ್ಮ ಕೈ ಮೀರುತ್ತದೆ ಎಂದು ತಿಳಿದಿರಬೇಕು.

‘ಮೊದಲು ಸಿಲಬಸ್ ಮುಗಿಸ್ರೀ’ ಎಂದು ಹೇಳಿದ ಸಹೋದ್ಯೋಗಿಗಳಿದ್ದಾರೆ. ಹುಡುಗಿಯರಿಗೆ ಏನು ಹೇಳಿಕೊಡುತ್ತೀರಿ ಎಂದು ಕೇಳಿಕೊಂಡು ಬಂದ ತಂದೆಯರೂ ಇದ್ದಾರೆ. ಅವರನ್ನು ಕರೆದು ಕಟ್ಟೆಯಲ್ಲೇ ಕೂರಿಸಿದ್ದೇನೆ. ಒಬ್ಬರು ಗುಳೆ ಹೋದಾಗಿನ ತಮ್ಮ ಪಾಡನ್ನೇ ಹೇಳಿಕೊಂಡರು. ಮಕ್ಕಳು ಬಿಟ್ಟ ಕಣ್ಣು ಬಿಟ್ಟ ಹಾಗೇ ಕೇಳಿದರು. ಪ್ರಿನ್ಸಿಪಾಲರ ಒಪ್ಪಿಗೆ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ನಾಳೆ ಯಾರಾದರೂ ತಕರಾರು ಮಾಡಿದರೆ ಮಕ್ಕಳ ಮೇಲೆ ಬರಬಾರದು.

ಈಗ ವಿಷಯವನ್ನು ವಿದ್ಯಾರ್ಥಿಗಳೇ ಆರಿಸುತ್ತಾರೆ. ಮುಂದಿನ ವಾರಕ್ಕೆ ಹುಡುಗರು ಆನ್‌ಲೈನ್ ಜೂಜು ಅಂದಿದ್ದಾರೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಕಾನೂನು ತಂದಿದೆ. ಆಟಕ್ಕೆಂದು ಗೆಳೆಯರ ಹತ್ತಿರ ಮಾಡಿದ ಸಾಲ ಮಾತ್ರ ಹಾಗೇ ಉಳಿದಿದೆಯಂತೆ. ಆ ಸಾಲದ ಮಾತನ್ನೇ ಮೊದಲು ಎತ್ತಬೇಕು ಎಂದು ಅವರು ಕೇಳಿದ್ದಾರೆ. ಕಾನೂನಿನ ಭಾಗ ಓದಿಕೊಂಡು ಹೋಗುವುದು ನನ್ನ ಕೆಲಸ.