ಘಾಟಿ ಇಳಿದಿದ್ದಕ್ಕೇ ತಲೆನೋವು ಬಂತಾ?

ದಾವಣಗೆರೆಯಲ್ಲಿ ನನ್ನದೊಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಇದೆ. ಪಾರ್ಟಿ ಕರೆದ ಕಡೆ ಹೋಗುವುದು ಕೆಲಸ. ಧರ್ಮಸ್ಥಳ, ಹೊರನಾಡು, ಮುಳ್ಳಯ್ಯನಗಿರಿ, ಊಟಿ. ಅಂದರೆ ವರ್ಷವಿಡೀ ಗುಡ್ಡ ಹತ್ತುವುದು, ಘಾಟಿ ಇಳಿಯುವುದು. ಇದರ ಜೊತೆಗೆ ನನಗೆ ಕ್ಲಸ್ಟರ್ ತಲೆನೋವೂ ಇದೆ. ಹಾಗಾಗಿ ಎತ್ತರಕ್ಕೂ ಈ ನೋವಿಗೂ ಸಂಬಂಧ ಉಂಟಾ ಅನ್ನುವ ಪ್ರಶ್ನೆ ನನಗೆ ಹೊಟ್ಟೆಪಾಡಿನ ಪ್ರಶ್ನೆ.

ನಮ್ಮ ಕ್ಲೀನರ್ ಹುಡುಗನಿಗೆ ಅನುಮಾನವೇ ಇರಲಿಲ್ಲ. "ಅಣ್ಣ, ನಿಮ್ಗೆ ಘಾಟಿ ಆಗಿಬರಲ್ಲ ಬಿಡ್ರಿ" ಅನ್ನುತ್ತಿದ್ದ. ಮನೆಯವಳದ್ದೂ ಅದೇ ಮಾತು. "ಹಂಪಿ, ಬಾದಾಮಿ ಬಾಡಿಗೆ ಮಾತ್ರ ಹಿಡೀರಿ, ಬಯಲುಸೀಮೆ ಸಾಕು ನಮಗೆ." ಆದರೆ ಮಲೆನಾಡಿನ ಬಾಡಿಗೆ ಬಿಟ್ಟರೆ ಗಾಡಿಯ ಕಂತು ಕಟ್ಟುವವರು ಯಾರು? ನಂಬುವುದಕ್ಕೆ ಮುಂಚೆ ಬರೆದಿಟ್ಟು ನೋಡೋಣ ಅಂದುಕೊಂಡೆ.

ಮೊದಲು ಈ ನೋವು ಎಂಥದ್ದು ಅಂತ ಹೇಳಿಬಿಡುತ್ತೇನೆ. ಇದು ಅರೆತಲೆನೋವಲ್ಲ, ಸೈನಸ್ಸೂ ಅಲ್ಲ. ಯಾವಾಗಲೂ ಒಂದೇ ಪಕ್ಕ, ಕಣ್ಣಿನ ಹಿಂದೆ ಮತ್ತು ಕಣ್ಣು-ಕಿವಿಯ ನಡುವಿನ ಕಣತಲೆಯಲ್ಲಿ. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಅದೇ ಪಕ್ಕದ ಮೂಗು ಕಟ್ಟುತ್ತದೆ, ರೆಪ್ಪೆ ಜೋತು ಬೀಳುತ್ತದೆ. ಮೈಗ್ರೇನ್ ಬಂದವರು ಕತ್ತಲೆ ಕೋಣೆಯಲ್ಲಿ ಮಲಗುತ್ತಾರೆ. ನಮಗೆ ಮಲಗೋಕೆ ಆಗುವುದೇ ಇಲ್ಲ, ಎದ್ದು ಓಡಾಡಬೇಕು. ಒಂದು ಸಲ ಬಂದರೆ 15 ನಿಮಿಷದಿಂದ 3 ಗಂಟೆಯವರೆಗೆ ಇರುತ್ತದೆ. ಕೆಲವರಿಗೆ ಎರಡು ದಿನಕ್ಕೊಮ್ಮೆ, ಕೆಲವರಿಗೆ ದಿನಕ್ಕೆ 8 ಸಲ. ಹೀಗೆ ಕೆಲವು ವಾರ ಕಾಡಿ, ಆಮೇಲೆ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ನಾಪತ್ತೆ. ಆ ಕಾಡುವ ವಾರಗಳನ್ನು ಮುಂದೆ 'ಸುತ್ತು' ಅಂತಲೇ ಬರೆಯುತ್ತೇನೆ. ಸಾವಿರ ಜನರಲ್ಲಿ ಒಬ್ಬರಿಗೆ ಇದು ಇರುತ್ತದಂತೆ. ಹಾಗಾಗಿ ಗುರುತು ಹಿಡಿಯುವಷ್ಟರಲ್ಲಿ ಸೈನಸ್ ಔಷಧಿ, ಹಲ್ಲು ಕೀಳಿಸುವುದು, ಕನ್ನಡಕ, ದೃಷ್ಟಿ ತೆಗೆಸುವುದು ಎಲ್ಲ ಆಗಿರುತ್ತದೆ. ನನ್ನದೂ ಒಂದು ದವಡೆ ಹಲ್ಲು ಹೋಯಿತು. ಕೊನೆಗೆ ನರರೋಗ ತಜ್ಞರೊಬ್ಬರು ಕಥೆ ಕೇಳಿಯೇ ಹೇಳಿದರು. ಬೇರೆ ಏನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಎಂಆರ್‌ಐ ಮಾಡಿಸಿದರು, ಅಷ್ಟೇ.

ಈ ಕಾಯಿಲೆಗೆ ಗಡಿಯಾರ ಇದೆ. ನನಗೆ ರಾತ್ರಿ ಒಂದೂವರೆ. ಅಲಾರಾಂ ಬೇಡ. ಕ್ಯಾಲೆಂಡರ್ ಕೂಡ ಇದೆ. ದೀಪಾವಳಿ ಕಳೆದ ಮೇಲೆ ಶುರುವಾಗಿ ಸಂಕ್ರಾಂತಿ ಹೊತ್ತಿಗೆ ಬಿಡುತ್ತದೆ. ಎಲ್ಲರಿಗೂ ಇದೇ ಕಾಲ ಅಂತಲ್ಲ, ಆದರೆ ವರ್ಷದ ಒಂದೇ ಕಾಲಕ್ಕೆ ಬರುವುದು ಬಹಳ ಜನರಲ್ಲಿ ಇದೆ. ದಿನದ ಲೆಕ್ಕ, ಕಾಲದ ಲೆಕ್ಕ ಇಡುವುದು ಮಿದುಳಿನ ಹೈಪೋಥಲಾಮಸ್ ಅನ್ನುವ ಜಾಗ. 1998ರಲ್ಲಿ ಲಂಡನ್‌ನಲ್ಲಿ ರೋಗಿಗಳಿಗೆ ನೈಟ್ರೋಗ್ಲಿಸರಿನ್ ಕೊಟ್ಟು ನೋವು ಬರಿಸಿ ಸ್ಕ್ಯಾನ್ ಮಾಡಿದಾಗ ಬೆಳಗಿದ್ದು ಅದೇ ಜಾಗ. ನೈಟ್ರೋಗ್ಲಿಸರಿನ್ ಅಂದರೆ ಎದೆನೋವಿನವರು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆಯಲ್ಲಿ ಇರುತ್ತದಲ್ಲ, ಆ ಔಷಧಿ.

ಈಗ ನಮ್ಮ ಕಸುಬಿನ ಕ್ಯಾಲೆಂಡರ್ ನೋಡಿ. ಶಾಲೆ ಮಕ್ಕಳ ಪ್ರವಾಸ ಯಾವಾಗ? ನವೆಂಬರ್‌ನಿಂದ ಜನವರಿ. ಕ್ರಿಸ್‌ಮಸ್ ರಜೆಗೆ ಊಟಿ, ಚಿಕ್ಕಮಗಳೂರು. ನನ್ನ ಸುತ್ತಿನ ಕಾಲವೂ ಅದೇ, ಗುಡ್ಡದ ಬಾಡಿಗೆ ಜಾಸ್ತಿ ಇರುವ ಕಾಲವೂ ಅದೇ. ಎರಡೂ ಒಟ್ಟಿಗೆ ಬಂದರೆ ಕ್ಲೀನರ್ ಹುಡುಗನಿಗೆ ಹಾಗೆ ಅನ್ನಿಸುವುದು ಸಹಜ ಅಲ್ವಾ?

ಟ್ರಿಪ್ ಶೀಟಿನ ಹಿಂಬದಿ ಖಾಲಿ ಇರುತ್ತದೆ. ಅಲ್ಲೇ ಬರೆಯತೊಡಗಿದೆ, ಆ ಹಾಳೆಗಳೇ ನನ್ನ ಪುಸ್ತಕ. ನೋವು ಬಂದ ಗಂಟೆ, ಹೋದ ಗಂಟೆ, ಆಗ ಯಾವ ಊರು, ಅಲ್ಲಿನ ಎತ್ತರ, ಹಿಂದಿನ ಎರಡು ಮೂರು ಗಂಟೆಯಲ್ಲಿ ನಿದ್ದೆ ಮಾಡಿದ್ದೆನಾ, ಏನಾದರೂ ಕುಡಿದಿದ್ದೆನಾ. ನೋವು ಬಾರದೆ ಗುಡ್ಡ ಹತ್ತಿ ಇಳಿದ ದಿನಗಳನ್ನೂ ಬರೆದೆ. ಇದನ್ನು ಯಾರೂ ಬರೆಯುವುದಿಲ್ಲ. ನೋವು ಬಂದ ದಿನ ಮಾತ್ರ ನೆನಪಿರುತ್ತದೆ, ಬಾರದ ದಿನ ಲೆಕ್ಕಕ್ಕೇ ಸಿಗುವುದಿಲ್ಲ.

ಎತ್ತರಕ್ಕೆ ಮೊಬೈಲ್ ಸಾಕು. ಕೆಲವು ಫೋನುಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರ, ಇಲ್ಲಿ ಒತ್ತಡ 945 ಹೆಕ್ಟೋಪಾಸ್ಕಲ್ ಆಸುಪಾಸು. ಮಂಗಳೂರಿನಲ್ಲಿ 1010. ಮುಳ್ಳಯ್ಯನಗಿರಿ 1,930 ಮೀಟರ್, ಅಲ್ಲಿ 810ರ ಹತ್ತಿರ. ಊಟಿ 2,240 ಮೀಟರ್, ಅಲ್ಲಿ 780. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆ 21 ಪರ್ಸೆಂಟೇ. ಒತ್ತಡ ಇಳಿದಷ್ಟೂ ಒಂದು ಉಸಿರಿಗೆ ಸಿಗುವುದು ಕಡಿಮೆ. ಮನೆಯಲ್ಲಿ ಸಿಗುವುದರಲ್ಲಿ ಸುಮಾರು ಆರನೇ ಒಂದು ಪಾಲು ಊಟಿಯಲ್ಲಿ ಕಮ್ಮಿ. ಮೋಡ ಕವಿದರೆ, ಮಳೆ ಬಂದರೆ ಒತ್ತಡ ಬದಲಾಗಿ ತಲೆ ನೋಯುತ್ತದೆ ಅನ್ನುವವರಿದ್ದಾರೆ. ನಮ್ಮ ಸೀಮೆಯಲ್ಲಿ ದಿನಕ್ಕೆ ಎರಡು ಸಲ ಒತ್ತಡ ತಾನಾಗಿಯೇ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಏರಿ ಇಳಿಯುತ್ತದೆ. ಮನೆಯಲ್ಲೇ ಕೂತು ಫೋನ್ ನೋಡಿದರೆ ಕಾಣಿಸುತ್ತದೆ. ಅದಕ್ಕೆಲ್ಲ ನೋವು ಬರುವುದಾದರೆ ನಾನು ಏಳುವುದೇ ಬೇಡ.

ಮೊದಲು ಕಣ್ಣಿಗೆ ಬಿದ್ದದ್ದು ಧರ್ಮಸ್ಥಳದ ಬಾಡಿಗೆ. ಬೆಳಗಿನ ದರ್ಶನಕ್ಕೆ ಅಂತ ಪಾರ್ಟಿಯವರು ರಾತ್ರಿ ಹತ್ತಕ್ಕೆ ಹೊರಡುತ್ತಾರೆ. ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಯ ನೆತ್ತಿಗೆ ಬರುವ ಹೊತ್ತಿಗೆ ಒಂದೂವರೆ, ಎರಡು. ಹೇರ್‌ಪಿನ್ ತಿರುವು ಶುರುವಾಗುವುದಕ್ಕೂ ನನ್ನ ಕಣ್ಣಲ್ಲಿ ನೀರು ಬರುವುದಕ್ಕೂ ಸರಿಹೋಗುತ್ತಿತ್ತು. ನೋಡಿದವರು ಘಾಟಿ ಅನ್ನದೆ ಇನ್ನೇನು ಅಂತಾರೆ? (ಸುತ್ತಿನ ಕಾಲದಲ್ಲಿ ಸ್ಟೇರಿಂಗ್ ಹಿಡಿಯುವುದು ಆಕ್ಟಿಂಗ್ ಡ್ರೈವರ್, ಅಂದರೆ ಬದಲಿ ಡ್ರೈವರ್. ನಾನು ಪಕ್ಕದ ಸೀಟು. ಈ ನೋವಿನಲ್ಲಿ ಆಗುಂಬೆ ಇಳಿಸುವುದು ಹದಿನಾರು ಜನರ ಜೀವದ ಜೊತೆ ಆಟ.)

ಒಂದು ಪಾರ್ಟಿಯನ್ನು ಒಪ್ಪಿಸಿ ಸಂಜೆ ಬೇಗ ಹೊರಟೆವು. ಹನ್ನೊಂದರ ಒಳಗೆ ಘಾಟಿ ಇಳಿದಾಗಿತ್ತು. ಏನೂ ಆಗಲಿಲ್ಲ. ನೋವು ಬಂದದ್ದು ಆಮೇಲೆ, ಕಾರ್ಕಳ ದಾಟಿದ ಮೇಲೆ, ಸಮತಟ್ಟಾದ ರಸ್ತೆಯಲ್ಲಿ, ಒಂದೂವರೆಗೆ. ಬೆಳಗ್ಗೆ ಹೊರಟ ಬಾಡಿಗೆಗಳಲ್ಲೂ ಘಾಟಿಯಲ್ಲಿ ಬರಲಿಲ್ಲ. ರಾತ್ರಿ ಲಾಡ್ಜಿನಲ್ಲಿ ಅದೇ ಹೊತ್ತಿಗೆ ಎಬ್ಬಿಸಿತು. ಆಗುಂಬೆಗೆ ಹೊರಿಸಿದ್ದ ಅಪವಾದ ಅಲ್ಲಿಗೆ ಮುಗಿಯಿತು. ಆಗುಂಬೆಯೇ 650 ಮೀಟರ್ ಆಸುಪಾಸು, ನಮ್ಮ ದಾವಣಗೆರೆಗಿಂತ ಹೆಚ್ಚೇನೂ ಎತ್ತರ ಅಲ್ಲ. ಇಳಿದರೆ ಆಮ್ಲಜನಕ ಇನ್ನೂ ಜಾಸ್ತಿಯೇ ಸಿಗಬೇಕು.

ಹಗಲು ಹೊತ್ತು ಬರುತ್ತಿದ್ದ ನೋವುಗಳಿಗೂ ಪುಸ್ತಕದಲ್ಲಿ ಬೇರೆ ಕಾರಣ ಸಿಕ್ಕಿತು. ಪಾರ್ಟಿ ಗುಡ್ಡ ನೋಡಲು ಹೋದಾಗ ಸೀಟಿನಲ್ಲೇ ಒಂದು ನಿದ್ದೆ ತೆಗೆಯುವುದು ಡ್ರೈವರುಗಳ ಪದ್ಧತಿ. ಆ ನಿದ್ದೆಯಿಂದಲೇ ನೋವು ಎಬ್ಬಿಸುತ್ತಿತ್ತು. ನಿದ್ದೆ ಮಾಡದೆ ಚಹಾ ಕುಡಿದು ಕೂತ ದಿನಗಳಲ್ಲಿ ಮುಳ್ಳಯ್ಯನಗಿರಿ ಹತ್ತಿ ಇಳಿದರೂ ನೆಮ್ಮದಿ.

ಇನ್ನೊಂದು, ಸಂಜೆ ಪಾರ್ಟಿಯವರು ಕೊಡುವ ಬಿಯರ್. ಸುತ್ತಿನಲ್ಲಿದ್ದಾಗ ಒಂದು ಗ್ಲಾಸ್ ಕುಡಿದರೂ ಗಂಟೆಯೊಳಗೆ ನೋವು. ಸುತ್ತು ಮುಗಿದ ಮೇಲೆ ಅದೇ ಬಿಯರ್ ಕುಡಿದರೆ ಏನೂ ಇಲ್ಲ. ಇದು ನನ್ನೊಬ್ಬನ ಕಥೆಯಲ್ಲ. ಮದ್ಯಕ್ಕೂ ನೈಟ್ರೋಗ್ಲಿಸರಿನ್‌ಗೂ ಈ ಗುಣ ಇದೆ ಅಂತ ವೈದ್ಯರಿಗೆ ಚೆನ್ನಾಗಿ ಗೊತ್ತು. ಬಣವೆ ಒಣಗಿದ್ದರೆ ಕಿಡಿ ಸಾಕು, ಹಸಿ ಇದ್ದರೆ ಕೊಳ್ಳಿ ಇಟ್ಟರೂ ಹತ್ತುವುದಿಲ್ಲ. ಎತ್ತರದ ಬಗ್ಗೆ ಕೇಳುವಾಗಲೂ ಮೊದಲು ಸುತ್ತಿನಲ್ಲಿ ಇದ್ದೀರಾ ಇಲ್ಲವಾ ಅಂತಲೇ ಕೇಳಬೇಕು.

ಸುತ್ತು ಇಲ್ಲದಾಗಿನ ಪರೀಕ್ಷೆ ಕೇದಾರದಲ್ಲಿ ಆಯಿತು. ನಮ್ಮ ಕಡೆಯವರಿಗೆ ಕೇದಾರ ದೂರದ ಕ್ಷೇತ್ರ ಅಲ್ಲ, ಅಲ್ಲಿನ ರಾವಲ್, ಅಂದರೆ ಮುಖ್ಯ ಅರ್ಚಕರು, ಕರ್ನಾಟಕದ ವೀರಶೈವರೇ. ಮೇ ತಿಂಗಳಲ್ಲಿ ಓಣಿಯವರ ಜೊತೆ ಹೋಗಿದ್ದೆ. ಗೌರೀಕುಂಡದಿಂದ ನಡಿಗೆ, ದೇವಸ್ಥಾನ 3,583 ಮೀಟರ್ ಎತ್ತರದಲ್ಲಿದೆ. ಊಟಿ ಇದರ ಮುಂದೆ ಏನೂ ಅಲ್ಲ. ತಲೆ ನೋಯಿತು, ಸುಳ್ಳು ಹೇಳಲ್ಲ. ಆದರೆ ಎರಡೂ ಪಕ್ಕ, ಮಂದವಾಗಿ, ಬಗ್ಗಿದರೆ ಜಾಸ್ತಿ. ಕಣ್ಣಲ್ಲಿ ನೀರಿಲ್ಲ, ಮೂಗು ಕಟ್ಟಲಿಲ್ಲ, ಮಲಗಿದರೆ ಸಾಕು ಅನ್ನಿಸುತ್ತಿತ್ತು. ಜೊತೆಗಿದ್ದ ಮುಕ್ಕಾಲು ಜನಕ್ಕೂ ಹಾಗೇ. ಇದು 2,500 ಮೀಟರ್ ದಾಟಿದವರಿಗೆ ಬರುವ ಎತ್ತರದ ತಲೆನೋವು, ಕೆಳಗೆ ಇಳಿದರೆ ಒಂದು ದಿನದೊಳಗೆ ಹೋಗುತ್ತದೆ. ರಾತ್ರಿ ಒಂದೂವರೆಗೆ ನನಗೆ ಎಚ್ಚರವೇ ಆಗಲಿಲ್ಲ.

ವಿಮಾನದ ತಲೆನೋವು ಅಂತ ಇನ್ನೊಂದು ಇದೆ, ಅದು ಜನರನ್ನು ಚೆನ್ನಾಗಿ ಏಮಾರಿಸುತ್ತದೆ. ವಿಮಾನ ಇಳಿಯುವಾಗ ಒಂದೇ ಪಕ್ಕ, ಕಣ್ಣಿನ ಹತ್ತಿರವೇ, ಜೋರಾಗಿ ನೋಯುತ್ತದೆ. ಆದರೆ ನೆಲ ಮುಟ್ಟಿದ ಅರ್ಧ ಗಂಟೆಯೊಳಗೆ ಮಾಯ. ಅಷ್ಟಕ್ಕೇ ಕ್ಲಸ್ಟರ್ ಅಂತ ಹೆದರಬೇಕಿಲ್ಲ.

ಹಾಗಾದರೆ ಎತ್ತರಕ್ಕೆ ಪೂರ್ತಿ ಖುಲಾಸೆಯಾ? ಇಲ್ಲ. ಊಟಿಯ ರಾತ್ರಿಗಳು ಇನ್ನೊಂದು ಕಥೆ ಹೇಳುತ್ತವೆ. ಸುತ್ತಿನ ನಡುವೆ, ಮಾತ್ರೆ ಹಿಡಿದು ರಾತ್ರಿಗೆ ಒಂದೇ ಸಲ ಬರುವ ಹದಕ್ಕೆ ಬಂದಾಗಲೂ, ಊಟಿಯಲ್ಲಿ ಮಲಗಿದರೆ ಎರಡು ಸಲ ಬಂತು. ಒಂದೂವರೆಯದ್ದು ಎಂದಿನಂತೆ. ನಾಲ್ಕೂವರೆಗೆ ಇನ್ನೊಂದು. ಮೈಸೂರಿಗೆ ಇಳಿದರೆ ಮತ್ತೆ ಒಂದೇ. ಮುಂದಿನ ವರ್ಷದ ಸುತ್ತಿನಲ್ಲೂ ಹಾಗೇ ಆಯಿತು. ಚಳಿ ಇರಬಹುದು ಅಂದುಕೊಂಡೆ. ಆದರೆ ಚಿಕ್ಕಮಗಳೂರಿನ ಹೋಂಸ್ಟೇಯ ಚಳಿಯಲ್ಲಿ ಹೀಗಾಗಲಿಲ್ಲ, ಆ ಜಾಗ ಸಾವಿರ ಮೀಟರ್‌ಗಿಂತ ಸ್ವಲ್ಪ ಮೇಲೆ ಅಷ್ಟೇ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಜೊತೆಗಿತ್ತು. ಊಟಿಯಲ್ಲಿ ನಾಲ್ಕೂವರೆಗೆ ಎದ್ದಾಗ ರಕ್ತದ ಆಮ್ಲಜನಕ 91 ಪರ್ಸೆಂಟ್ ತೋರಿಸಿತು. ಬೆರಳು ತಣ್ಣಗಿದ್ದರೆ ಈ ಯಂತ್ರ ತಪ್ಪು ಹೇಳುತ್ತದೆ ಅಂತ ಕೈ ಉಜ್ಜಿ ಬಿಸಿ ಮಾಡಿಕೊಂಡೇ ನೋಡಿದ್ದೆ. ದಾವಣಗೆರೆಯಲ್ಲಿ ಆ ಹೊತ್ತಿಗೆ 96ಕ್ಕೆ ಕಡಿಮೆ ಇರುವುದಿಲ್ಲ.

ಪುಸ್ತಕ ತೋರಿಸಿದಾಗ ವೈದ್ಯರು ನಗಲಿಲ್ಲ, ಒಪ್ಪಿಯೂ ಬಿಡಲಿಲ್ಲ. ಆಮ್ಲಜನಕ ಕಡಿಮೆಯಾದರೆ ನೋವು ಶುರುವಾಗಬಹುದು ಅನ್ನುವ ಯೋಚನೆ ಹಳೆಯದಂತೆ. ಅಮೆರಿಕದ ಲೀ ಕುಡ್ರೋ ಅನ್ನುವ ವೈದ್ಯರು 1981ರಲ್ಲಿ ಈ ನೋವಿಗೆ ಆಮ್ಲಜನಕ ಕೊಟ್ಟು ಫಲ ತೋರಿಸಿದ್ದರು. ಆಮ್ಲಜನಕ ಇಳಿದಾಗ ಗಮನಿಸುವ ಕತ್ತಿನ ರಕ್ತನಾಳದ ಸೂಕ್ಷ್ಮ ಅಂಗದ ಕಡೆಗೂ ಅವರು ಬೊಟ್ಟು ಮಾಡಿದ್ದರು. ಆದರೆ ಮದ್ಯದಷ್ಟು ಗಟ್ಟಿ ಸಾಕ್ಷಿ ಎತ್ತರದ ಮೇಲೆ ಇಲ್ಲ, ನಿಮ್ಮ ಪುಸ್ತಕ ನಿಮಗೆ ಮಾತ್ರ ಅಂದರು. ಆಮೇಲೆ ಮನೆಯವಳ ಕಡೆ ತಿರುಗಿ "ಇವರು ಗೊರಕೆ ಹೊಡೀತಾರಾ ಅಮ್ಮಾ?" ಅಂತ ಕೇಳಿದರು. ನಿದ್ದೆಯಲ್ಲಿ ಉಸಿರು ಕಟ್ಟಿದರೂ ಆಮ್ಲಜನಕ ಇಳಿಯುತ್ತದೆ, ಅದಕ್ಕೆ ಗುಡ್ಡ ಹತ್ತಬೇಕಾಗಿಲ್ಲ. ಅವಳು ಕೊಟ್ಟ ಉತ್ತರ ಇಲ್ಲಿ ಬೇಡ ಬಿಡಿ.

ಆಮ್ಲಜನಕದ ವಿಷಯ ಬಂದಿದ್ದಕ್ಕೆ ಇದನ್ನು ಬಿಡಿಸಿ ಬರೆಯುತ್ತೇನೆ, ಇಲ್ಲಿ ಬಹಳ ಜನ ಎಡವುತ್ತಾರೆ. ಮೂಗಿಗೆ ಸಣ್ಣ ಪೈಪು ಸಿಕ್ಕಿಸಿಕೊಂಡರೆ ಸಾಲದು. ಚೀಲ ಇರುವ ನಾನ್ ರೀಬ್ರೀದರ್ ಮಾಸ್ಕ್ ಬೇಕು, ನಿಮಿಷಕ್ಕೆ 12ರಿಂದ 15 ಲೀಟರ್ ಬಿಡಬೇಕು, ನೇರ ಕೂತು 15–20 ನಿಮಿಷ ಎಳೆಯಬೇಕು. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೀಗೆ 15 ನಿಮಿಷ ಕೊಟ್ಟಾಗ 78 ಪರ್ಸೆಂಟ್ ನೋವುಗಳು ಇಳಿದವು. ಬರೀ ಗಾಳಿ ಕೊಟ್ಟಾಗ 20 ಪರ್ಸೆಂಟ್. ಕೋವಿಡ್ ಹೊತ್ತಿನಲ್ಲಿ ತಂದಿಟ್ಟ, ನಿಮಿಷಕ್ಕೆ 5 ಲೀಟರ್ ಆಮ್ಲಜನಕ ಕೊಡುವ ಕಾನ್ಸಂಟ್ರೇಟರ್ ಯಂತ್ರ ಇದಕ್ಕೆ ಸಾಲುವುದಿಲ್ಲ. ನನ್ನ ಮನೆಯಲ್ಲಿ ಬಿ ಟೈಪ್ ಸಿಲಿಂಡರ್ ಇದೆ, ಸುಮಾರು 1,500 ಲೀಟರ್ ಹಿಡಿಯುತ್ತದೆ. ಒಂದು ಸಲಕ್ಕೆ 180 ಲೀಟರ್ ಅಂದರೂ ಎಂಟು ಸಲಕ್ಕೆ ಸಾಕು. ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಕೈ ತಾಗಿಸಬಾರದು, ಇದನ್ನು ನಮ್ಮಂಥ ಗಾಡಿಯವರಿಗೆ ಎರಡು ಸಲ ಹೇಳಬೇಕು. ಹತ್ತಿರ ಬೀಡಿ, ಸಿಗರೇಟು, ದೀಪ ಯಾವುದೂ ಬೇಡ.

ಮಕ್ಕಳಿರುವ ಗಾಡಿಯಲ್ಲಿ ಸಿಲಿಂಡರ್ ಒಯ್ಯುವುದಿಲ್ಲ. ಬಾಡಿಗೆಗೆ ಹೋದಾಗ, ಬಂದ ನೋವು ಇಳಿಸುವ ಸುಮಾಟ್ರಿಪ್ಟಾನ್ ಅನ್ನುವ ಔಷಧಿಯ ಮೂಗಿನ ಸ್ಪ್ರೇ ಜೇಬಲ್ಲಿ ಇರುತ್ತದೆ. ಇದರ ಇಂಜೆಕ್ಷನ್ ಇನ್ನೂ ಬೇಗ ಕೆಲಸ ಮಾಡುತ್ತದೆ. ಗುಳಿಗೆ ನುಂಗಿದರೆ ಅದು ಕೆಲಸ ಶುರು ಮಾಡುವ ಹೊತ್ತಿಗೆ ನೋವು ತಾನಾಗಿಯೇ ಹೋಗಿರುತ್ತದೆ. ಹೃದಯದ ತೊಂದರೆ ಇದ್ದವರಿಗೆ, ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಇದು ಆಗದು. ಸುತ್ತು ಶುರುವಾಗುವ ಸುಳಿವು ಸಿಕ್ಕ ಕೂಡಲೇ ವೈದ್ಯರು ನೋವು ಬಾರದಂತೆ ತಡೆಯುವ ವೆರಾಪಮಿಲ್ ಮಾತ್ರೆ ಶುರು ಮಾಡಿಸುತ್ತಾರೆ, ಡೋಸ್ ಏರಿಸುವಾಗೆಲ್ಲ ಇಸಿಜಿ ಮಾಡಿಸುತ್ತಾರೆ. ಅದು ಹಿಡಿತಕ್ಕೆ ಬರುವ ತನಕ ಕೆಲವು ದಿನ ಸ್ಟೀರಾಯ್ಡ್. ವೆರಾಪಮಿಲ್‌ನಿಂದ ಮಲಬದ್ಧತೆ ಆಗುತ್ತದೆ, ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ಸ್ವಲ್ಪ ಕಮ್ಮಿ ಮಾಡಿದ್ದೇನೆ.

ಗುಡ್ಡದ ಬಾಡಿಗೆ ಬಿಟ್ಟಿಲ್ಲ. ಸುತ್ತಿನ ತಿಂಗಳುಗಳಲ್ಲಿ ಆಕ್ಟಿಂಗ್ ಡ್ರೈವರ್‌ಗೆ ಬಾಟಾ ಕೊಡಬೇಕು, ಲಾಭ ಅಷ್ಟು ಕಮ್ಮಿ. ಊಟಿ ಕೇಳುವ ಮೇಷ್ಟ್ರಿಗೆ ಮೊದಲೇ ಹೇಳಿಬಿಡುತ್ತೇನೆ: ರಾತ್ರಿ ಹಾಲ್ಟ್ ಮೈಸೂರಿನಲ್ಲಿ, ಬೆಳಗ್ಗೆ ಬೇಗ ಹತ್ತಿ ಸಂಜೆ ಇಳಿಯೋದು. ಹೇಗೂ ಮೈಸೂರಿನಲ್ಲಿ ಮಕ್ಕಳಿಗೆ ಛತ್ರ ಅಗ್ಗಕ್ಕೆ ಸಿಗುತ್ತದೆ. ಇಲ್ಲಿಯವರೆಗೆ ಯಾವ ಮೇಷ್ಟ್ರೂ ಬೇಡ ಅಂದಿಲ್ಲ.