ಹಳೆಯ ಮದುವೆ ಡಿವಿಡಿಯಲ್ಲಿ ಎಲ್ಲರೂ ದಪ್ಪಗೆ ಕಾಣ್ತಿದ್ದರೆ

ಟಿವಿ ರಿಮೋಟ್‌ನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ 4:3 (ಹಳೆ ಟಿವಿಯ ಅಗಲ-ಎತ್ತರದ ಅನುಪಾತ) ಆರಿಸಿ, ಮುಖಗಳು ಸರಿಹೋಗುತ್ತವೆ. ನಮ್ಮಲ್ಲಿನ ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಡಿವಿಡಿಯಲ್ಲಿ ಚಿತ್ರ 4:3 ಇರಲಿ, ಈಗಿನ ಅಗಲ ಟಿವಿಯ 16:9 ಇರಲಿ, ಒಳಗೆ ತುಂಬಿರುವುದು ಅದೇ 720×576 ಚುಕ್ಕಿ. ಯಾವ ಅಗಲಕ್ಕೆ ತೋರಿಸಬೇಕು ಅನ್ನುವುದು ಡಿಸ್ಕ್‌ನಲ್ಲಿರುವ ಒಂದು ಗುರುತಿನ ಮೇಲೆ ನಿಂತಿದೆ. ಪ್ಲೇಯರ್ ಅಥವಾ ಟಿವಿ ಅದನ್ನು ಗಮನಿಸದೆ ಅಗಲ ಪರದೆ ತುಂಬಿಸಿದರೆ 4:3 ಚಿತ್ರ ಮೂರನೇ ಒಂದು ಭಾಗದಷ್ಟು ಜಾಸ್ತಿ ಅಗಲವಾಗುತ್ತದೆ. ಸರಿಹೋಯಿತಾ ಅಂತ ನೋಡಲು ಛತ್ರದ ಗೋಡೆ ಗಡಿಯಾರ ನೇರವಾಗಿ ಕಾಣುವ ಕಡೆ ನಿಲ್ಲಿಸಿ. ಅದು ದುಂಡಗಿರಬೇಕು, ಮೊಟ್ಟೆಯಂತಲ್ಲ. ಎರಡು ಬದಿ ಕಪ್ಪು ಪಟ್ಟಿ ಬಂದರೆ ಬರಲಿ, ಅದು ದೋಷವಲ್ಲ. ನಾಲ್ಕೂ ಕಡೆ ಕಪ್ಪು ಬಂದರೆ ಮಾತ್ರ ಝೂಮ್ ಹಾಕಿ. ಅಗಲ ಪರದೆಯ ಸಿನಿಮಾ ಡಿಸ್ಕ್ ಹಾಕಿದಾಗ ಮರೆಯದೆ 16:9ಕ್ಕೆ ವಾಪಸ್ ಬನ್ನಿ. ಕ್ಯಾಸೆಟ್‌ನಿಂದ ಡಿಸ್ಕ್‌ಗೆ ಇಳಿಸುವಾಗಲೇ ಮೇಲೆ ಕೆಳಗೆ ಕತ್ತರಿಸಿದ್ದರೆ ಈ ಉಪಾಯ ನಡೆಯಲ್ಲ, ಹೋದ ತಲೆಗಳು ವಾಪಸ್ ಬರುವುದಿಲ್ಲ. ಅದಕ್ಕೇ ಮೂಲ ಕ್ಯಾಸೆಟ್ ಇದ್ದರೆ ದಯವಿಟ್ಟು ಎಸೆಯಬೇಡಿ. ಚಿತ್ರ ಮಸುಕು ಅನ್ನಿಸಿದರೆ ಅದಕ್ಕೆ ಸೆಟ್ಟಿಂಗ್ ಇಲ್ಲ: ಡಿವಿಡಿಯ ಸುಮಾರು 4 ಲಕ್ಷ ಚುಕ್ಕಿ 4ಕೆ ಟಿವಿಯ 83 ಲಕ್ಷ ಚುಕ್ಕಿಗೆ ಹಿಗ್ಗಬೇಕಲ್ವಾ.